ರಾಜಾದಿತ್ಯ (ಗಣಿತಜ್ಞ)

ರಾಜಾದಿತ್ಯ 12ನೆಯ ಶತಮಾನದ ಜೈನ ಕವಿ ಮತ್ತು ಗಣಿತಜ್ಞ. ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಕುರಿತು ಗ್ರಂಥ ರಚಿಸಿದವರಲ್ಲಿ, ಕೃತಿಗಳು ದೊರೆತಿರುವ ಮಟ್ಟಿಗೆ, ಈತನೇ ಮೊದಲಿಗ. ಈತನ ಊರು ಪೂವಿನಬಾಗೆ. ಇದನ್ನು ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗ ಎಂದು ವಿದ್ವಾಂಸರು ಗುರುತಿಸಿದ್ದಾರೆ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ ಮತ್ತು ಜೈನಗಣಿತಸೂತ್ರಟೀಕೋದಾಹರಣ ಎಂಬ ಆರು ಕೃತಿಗಳು ಈತನ ಹೆಸರಿನಲ್ಲಿವೆ. ಇವುಗಳಲ್ಲಿ ಕ್ಷೇತ್ರಗಣಿತವು ರೇಖಾಗಣಿತಕ್ಕೆ ಮೀಸಲಾದದ್ದು. ಗೆರೆಯನ್ನು ಅಳೆಯುವುದು, ಆ ಅಳತೆಯಿಂದ ನೆಲದ ವಿಸ್ತಾರವನ್ನು ಕಂಡುಹಿಡಿಯುವುದು ಈ ಶಾಸ್ತ್ರದ ವಿಷಯ. ಇಂದಿನ ಶಾಲಾ ಪಠ್ಯದಲ್ಲಿ ರೇಖಾಖಂಡದ ಅಳತೆ ಮತ್ತು ಕೋನದ ಅಳತೆ ಒಂದೇ ಪಾಠದಲ್ಲಿ ಜೊತೆಯಾಗಿ ಬರುತ್ತವೆ. ರಾಜಾದಿತ್ಯನ ಕಾಲದ ಕ್ಷೇತ್ರಗಣಿತದಲ್ಲಿ ಇವೆರಡೂ ಜೊತೆಯಾಗಿರಲಿಲ್ಲ.

ಹೆಸರು ಮತ್ತು ಮನೆತನ

ರಾಜಾದಿತ್ಯನ ತಂದೆ ಶ್ರೀಪತಿ, ತಾಯಿ ವಸಂತೆ, ಹೆಂಡತಿ ಕನಕಮಾಲೆ. ಗುರುವಿನ ಹೆಸರು ಶುಭಚಂದ್ರ. ರಾಜವರ್ಮ, ಭಾಸ್ಕರ, ಬಾಚಯ್ಯ, ಬಾಚಿರಾಜ ಎಂಬ ಬೇರೆ ಹೆಸರುಗಳೂ ಈತನಿಗಿದ್ದುವು. ಇವುಗಳಲ್ಲಿ ಭಾಸ್ಕರ ಎಂಬ ಹೆಸರು ಓದುಗರನ್ನು ಗೊಂದಲಕ್ಕೆ ಈಡುಮಾಡಬಲ್ಲದು. ಸಂಸ್ಕೃತದಲ್ಲಿ ಲೀಲಾವತಿಯನ್ನು ಬರೆದ ಪ್ರಸಿದ್ಧ ಭಾಸ್ಕರಾಚಾರ್ಯನೇ ಬೇರೆ, ಕನ್ನಡದಲ್ಲಿ ಲೀಲಾವತಿಯನ್ನು ಬರೆದ ರಾಜಾದಿತ್ಯನೇ ಬೇರೆ. ಇಬ್ಬರೂ ಒಂದೇ ಶತಮಾನದವರು, ಇಬ್ಬರ ಗ್ರಂಥಗಳಿಗೂ ಒಂದೇ ಹೆಸರು, ಒಬ್ಬನ ಹೆಸರು ಇನ್ನೊಬ್ಬನಿಗೂ ಇದ್ದಿತು ಎಂಬುದಷ್ಟೇ ಸಾಮ್ಯ.

ಗಣಿತವಿಲಾಸ, ಓಜೆಬೆಡಂಗ, ಪದ್ಯವಿದ್ಯಾಧರ ಎಂಬವು ಈತನ ಬಿರುದುಗಳು. ಕನ್ನಡ ಕವಿಗಳ ಬಿರುದುಗಳಲ್ಲಿ ಕವಿತೆಗೆ ಸಂಬಂಧಿಸಿದವು ನೂರಾರು ಸಿಗುತ್ತವೆ, ಗಣಿತದ ಹೆಸರು ಹೊತ್ತ ಬಿರುದು ಅಪರೂಪ. ಪದ್ಯವಿದ್ಯಾಧರ ಎಂಬುದು ಈತನ ಇನ್ನೊಂದು ಸಾಮರ್ಥ್ಯವನ್ನು ಸೂಚಿಸುತ್ತದೆ. ಒಣ ಲೆಕ್ಕದ ಸೂತ್ರವನ್ನು ನೆನಪಿನಲ್ಲಿ ಉಳಿಯುವ ಸುಲಭ ಪದ್ಯವಾಗಿ ಕಟ್ಟುವುದರಲ್ಲಿ ರಾಜಾದಿತ್ಯ ಪರಿಣತನೆಂದು ಸಾಹಿತ್ಯ ಚರಿತ್ರಕಾರರು ಒಮ್ಮತದಿಂದ ಹೇಳಿದ್ದಾರೆ. ಬರೆಯಲು ಓಲೆಗರಿ ದುಬಾರಿಯಾಗಿದ್ದು ಕಲಿಕೆಯೆಲ್ಲ ಬಾಯಿಪಾಠದ ಮೇಲೆ ನಿಂತಿದ್ದ ಕಾಲದಲ್ಲಿ ಛಂದಸ್ಸು ಅಲಂಕಾರವಷ್ಟೇ ಆಗಿರಲಿಲ್ಲ. ಸೂತ್ರದ ಒಂದು ಮಾತು ತಪ್ಪಿದರೆ ಪದ್ಯದ ಮಾತ್ರೆ ಅಥವಾ ಗಣ ಕೆಡುತ್ತದೆ, ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ.

ಪೂವಿನಬಾಗೆ

ರಾಜಾದಿತ್ಯ ತನ್ನ ಊರು ಕೊಂಡಿಮಂಡಲದ ಪೂವಿನಬಾಗೆಯೆಂದು ಹೇಳಿಕೊಂಡಿದ್ದಾನೆ. ಕೊಂಡಿ ಅಥವಾ ಕೂಂಡಿ ಎಂಬುದು ಶಾಸನಗಳಲ್ಲಿ ಕೂಂಡಿ ಮೂರುಸಾಸಿರ ಎಂದು ಬರುವ ನಾಡು. ಈಗಿನ ಬೆಳಗಾವಿ ಜಿಲ್ಲೆಯ ಬಹುಭಾಗ ಅದರಲ್ಲಿ ಸೇರಿತ್ತು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ರಟ್ಟರು ಮೊದಲು ಸವದತ್ತಿಯಿಂದ, ಅನಂತರ ವೇಣುಗ್ರಾಮದಿಂದ, ಎಂದರೆ ಇಂದಿನ ಬೆಳಗಾವಿಯಿಂದ, ಈ ನಾಡನ್ನು ಆಳಿದರು. ಶಾಸನಗಳ ಬಾಗೆ ಅಥವಾ ಹೂವಿನಬಾಗೆಯೇ ಇಂದಿನ ರಾಯಬಾಗ ಎಂಬ ಗುರುತಿಗೆ ಊರಿನ ಹೆಸರಿನ ಸಾಮ್ಯವೂ ನಾಡಿನ ಹೆಸರೂ ಆಧಾರವಾಗಿವೆ.

ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗಗಳ ಈ ಸೀಮೆ ಕೃಷ್ಣಾ ನದಿಯ ಬಯಲಿನದು. ಒಂದು ಕಡೆ ರಟ್ಟರು, ಇನ್ನೊಂದು ಕಡೆ ಕೊಲ್ಲಾಪುರದ ಶಿಲಾಹಾರರು. 12ನೆಯ ಶತಮಾನದಲ್ಲಿ ಈ ಎರಡು ಮನೆತನಗಳ ಆಶ್ರಯದಲ್ಲಿ ಜೈನಧರ್ಮ ಇಲ್ಲಿ ಪ್ರಬಲವಾಗಿತ್ತು. ರಾಯಬಾಗಕ್ಕೆ ಸಮೀಪದ ತೇರದಾಳದಲ್ಲಿ 1123ರ ಸುಮಾರಿಗೆ ಗೊಂಕನೆಂಬ ಸ್ಥಳೀಯ ಅರಸ ನೇಮಿನಾಥ ಬಸದಿಯನ್ನು ಕಟ್ಟಿಸಿದ. ರಾಯಬಾಗದಲ್ಲಿಯೇ ಇರುವ ಜೈನ ಬಸದಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವಿದೆ. ಈ ಸೀಮೆಯ ಹಳ್ಳಿಗಳಲ್ಲಿ ಜೈನ ಒಕ್ಕಲು ಮನೆತನಗಳು ಇಂದಿಗೂ ದೊಡ್ಡ ಸಂಖ್ಯೆಯಲ್ಲಿವೆ.

ಬಸದಿಗೆ ದತ್ತಿ ಬಿಡುವುದೆಂದರೆ ಬಹುಮಟ್ಟಿಗೆ ಭೂಮಿಯನ್ನು ಬಿಡುವುದು. ಭೂಮಿ ಬಿಡಬೇಕಾದರೆ ಅದನ್ನು ಅಳೆಯಬೇಕು. ಕನ್ನಡ ಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ವಿಸ್ತಾರದ ಮಾನಗಳೂ ಗಳೆ, ಕೋಲು ಎಂಬ ಉದ್ದದ ಸಾಧನಗಳೂ ಪದೇ ಪದೇ ಬರುತ್ತವೆ. ಗಳೆಯ ಉದ್ದ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. ಆದ್ದರಿಂದ ಯಾವ ಗಳೆಯಿಂದ ಅಳೆದದ್ದೆಂದು ಶಾಸನದಲ್ಲಿ ಹೆಸರಿಸಿ ಹೇಳುವ ರೂಢಿಯಿತ್ತು, ಕೆಲವೆಡೆ ಗಳೆಯ ಉದ್ದವನ್ನೇ ದೇವಾಲಯದ ಕಲ್ಲಿನ ಮೇಲೆ ಕೆತ್ತಿಸಿದ್ದೂ ಉಂಟು. ಇದು ಅನಗತ್ಯ ಎಚ್ಚರಿಕೆಯಲ್ಲ. ಗಳೆ ಹತ್ತರಲ್ಲಿ ಒಂದು ಪಾಲು ಗಿಡ್ಡವಾದರೆ ಉದ್ದವೂ ಅಗಲವೂ ಅಷ್ಟಷ್ಟು ಕಡಿಮೆಯಾಗುತ್ತವೆ. ಹಾಗಾಗಿ ಅಂಥ ಗಳೆಯಿಂದ ಅಳೆದುಕೊಟ್ಟ 100 ಮತ್ತರು ನಿಜವಾದ ಗಳೆಯ ಲೆಕ್ಕದಲ್ಲಿ 81 ಮತ್ತರು ಮಾತ್ರ. ಕೋಲಿನಲ್ಲಿ ಹತ್ತನೆಯ ಒಂದು ಭಾಗ ಹೋದರೆ ಹೊಲದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗ ಹೋಗುತ್ತದೆ. ಕ್ಷೇತ್ರಗಣಿತವನ್ನು ಸಂಸ್ಕೃತ ಬಲ್ಲವರಿಗಷ್ಟೇ ಬಿಡದೆ ಕನ್ನಡದಲ್ಲಿ ಬರೆಯಬೇಕಾದ ಅಗತ್ಯ ಇಂಥ ನಾಡಿನಲ್ಲಿ ಇದ್ದೇ ಇತ್ತು.

ಕಾಲ

ರಾಜಾದಿತ್ಯನ ಕಾಲದ ಬಗೆಗೆ ಎರಡು ಅಭಿಪ್ರಾಯಗಳಿವೆ. ಈತ ವಿಷ್ಣುವರ್ಧನನ ಆಸ್ಥಾನದಲ್ಲಿದ್ದನೆಂಬುದನ್ನೂ ಈತನ ಗುರು ಶುಭಚಂದ್ರನೆಂಬುದನ್ನೂ ಒಟ್ಟಿಗೆ ಇಟ್ಟು ನೋಡಿದವರು ಈತನನ್ನು ಸುಮಾರು 1120ರಲ್ಲಿ ಇರಿಸಿದರು. ಹೊಯ್ಸಳ ವಿಷ್ಣುವರ್ಧನ ಆಳಿದ್ದು 12ನೆಯ ಶತಮಾನದ ಪೂರ್ವಾರ್ಧದಲ್ಲಿ. ಅವನ ದಂಡನಾಯಕ ಗಂಗರಾಜನ ಗುರುವಾದ ಶುಭಚಂದ್ರ ಸಿದ್ಧಾಂತದೇವರು ತೀರಿಕೊಂಡದ್ದು 1123ರಲ್ಲಿ ಎಂದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಈ ಎರಡು ಹೆಸರುಗಳೂ ಒಂದೇ ಕಾಲಕ್ಕೆ ಹೊಂದುತ್ತವೆ.

ಇನ್ನೊಂದು ಅಭಿಪ್ರಾಯದಂತೆ ರಾಜಾದಿತ್ಯ ಸುಮಾರು 1190ರವನು. ವಿಷ್ಣುವರ್ಧನ ಎಂಬುದು ಒಬ್ಬ ಅರಸನ ಹೆಸರಷ್ಟೇ ಅಲ್ಲ, ಅವನ ನಂತರದ ಹೊಯ್ಸಳ ಅರಸರೂ ಅದನ್ನು ತಮ್ಮ ಹೆಸರಿನೊಡನೆ ಧರಿಸಿದರು. ಶುಭಚಂದ್ರ ಎಂಬ ಹೆಸರಿನ ಜೈನ ಮುನಿಗಳೂ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು. ಇದಲ್ಲದೆ, ರಟ್ಟರ ನಾಡಿನ ಉತ್ತರದ ಅಂಚಿನಲ್ಲಿ ಹುಟ್ಟಿದವನು ದೂರದ ದೋರಸಮುದ್ರದ ಅರಸನ ಆಶ್ರಯವನ್ನು ಹೇಗೆ ಪಡೆದ ಎಂಬ ಪ್ರಶ್ನೆಯೂ ಉಳಿಯುತ್ತದೆ. ವಿಷ್ಣುವರ್ಧನ ಉತ್ತರಕ್ಕೆ ದಂಡೆತ್ತಿ ಹಾನಗಲ್ಲು, ಬಂಕಾಪುರಗಳವರೆಗೆ ಬಂದಿದ್ದವನು ಎಂಬುದನ್ನು ನೆನೆದರೆ ಇದು ಅಸಂಭವವೇನೂ ಅಲ್ಲ. ವಿದ್ವಾಂಸರು ಆಶ್ರಯ ಅರಸಿ ನಾಡಿನಿಂದ ನಾಡಿಗೆ ಹೋಗುತ್ತಿದ್ದುದು ಆ ಕಾಲದಲ್ಲಿ ಸಾಮಾನ್ಯ ಸಂಗತಿ.

ಎಪ್ಪತ್ತು ವರ್ಷಗಳ ಈ ಅಂತರ ಬರಿಯ ತಾರೀಖಿನ ಜಗಳವಲ್ಲ. ಭಾಸ್ಕರಾಚಾರ್ಯನ ಸಂಸ್ಕೃತ ಲೀಲಾವತಿ ರಚಿತವಾದದ್ದು 1150ರ ಸುಮಾರಿನಲ್ಲಿ. ರಾಜಾದಿತ್ಯ 1120ರವನಾದರೆ ಕನ್ನಡದ ಲೀಲಾವತಿ ಅದಕ್ಕಿಂತ ಹಿಂದಿನದು, ಹೆಸರೂ ಸ್ವತಂತ್ರವಾದದ್ದು. 1190ರವನಾದರೆ ಅದು ಭಾಸ್ಕರಾಚಾರ್ಯನ ಪ್ರಸಿದ್ಧ ಗ್ರಂಥದ ನೆರಳಿನಲ್ಲಿ ಬಂದದ್ದೆಂದು ಭಾವಿಸಲು ಅವಕಾಶವಾಗುತ್ತದೆ. ಕನ್ನಡದಲ್ಲಿ ಗಣಿತ ಗ್ರಂಥ ಹುಟ್ಟಿದ್ದು ಅನುವಾದವಾಗಿಯೋ ತನ್ನದೇ ಅಗತ್ಯದಿಂದಲೋ ಎಂಬ ವಿಚಾರದ ಒಂದು ಎಳೆ ಈ ತಾರೀಖಿಗೆ ಕಟ್ಟಿಕೊಂಡಿದೆ. ಆದರೆ ಹೆಸರಿನ ಸಾಮ್ಯದಿಂದ ಬಹಳ ದೂರ ಹೋಗುವುದು ಸರಿಯಲ್ಲ. ರಾಜಾದಿತ್ಯನಿಗೆ ಹಿನ್ನೆಲೆಯಾಗಿದ್ದ ಜೈನ ಗಣಿತದ ಪರಂಪರೆ ಭಾಸ್ಕರಾಚಾರ್ಯನಿಗಿಂತ ಮುನ್ನೂರು ವರ್ಷ ಹಿಂದೆಯೇ ಕನ್ನಡ ನಾಡಿನಲ್ಲಿ ಬೇರೂರಿತ್ತು.

ಹಿನ್ನೆಲೆ: ಮಹಾವೀರಾಚಾರ್ಯನ ಪರಂಪರೆ

ಆ ಪರಂಪರೆಯ ಮುಖ್ಯ ಗ್ರಂಥ ಗಣಿತಸಾರಸಂಗ್ರಹ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಇದನ್ನು ಸಂಸ್ಕೃತದಲ್ಲಿ ರಚಿಸಿದ. ಖಗೋಳವನ್ನು ಬದಿಗಿಟ್ಟು ಗಣಿತವೊಂದನ್ನೇ ವಿಷಯವಾಗಿ ಮಾಡಿಕೊಂಡದ್ದು ಈ ಗ್ರಂಥದ ವೈಶಿಷ್ಟ್ಯ. ದಕ್ಷಿಣ ಭಾರತದಲ್ಲಿ ಇದು ಶತಮಾನಗಳ ಕಾಲ ಪಠ್ಯವಾಗಿತ್ತು. ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಆ ಬಗೆಯ ಕೆಲಸಕ್ಕೆ ಕೈಹಾಕಿದವನು ರಾಜಾದಿತ್ಯ.

ಜೈನರಿಗೆ ಅಳತೆಯಲ್ಲಿದ್ದ ಆಸಕ್ತಿಗೆ ಧಾರ್ಮಿಕ ಕಾರಣವೂ ಇತ್ತು. ಜೈನ ಲೋಕವರ್ಣನೆಯಲ್ಲಿ ಜಂಬೂದ್ವೀಪ ಒಂದು ಲಕ್ಷ ಯೋಜನ ವ್ಯಾಸದ ವೃತ್ತ. ಅದರ ಪರಿಧಿಯನ್ನು 3,16,227 ಯೋಜನ, 3 ಕ್ರೋಶ, 128 ದಂಡ, ಹದಿಮೂರೂವರೆ ಅಂಗುಲಕ್ಕಿಂತ ತುಸು ಹೆಚ್ಚು ಎಂದು ಲೆಕ್ಕ ಹಾಕಲಾಗಿತ್ತು. ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಿ ಪಡೆದ ಬೆಲೆ ಇದು. ಯಾರೂ ಅಳೆಯಲಾರದ ಗೆರೆಯೊಂದನ್ನು ಅಂಗುಲದ ಅರ್ಧದವರೆಗೆ ಹೇಳುವ ಈ ಹಟದಲ್ಲಿ ವಿನೋದವೂ ಇದೆ, ಗಣಿತದ ಶಿಸ್ತೂ ಇದೆ.

ಕೃತಿಗಳು

ವ್ಯವಹಾರಗಣಿತವು ಗದ್ಯಪದ್ಯಗಳಿಂದ ಕೂಡಿದ ಗ್ರಂಥ. ಸೂತ್ರವನ್ನು ಪದ್ಯದಲ್ಲಿ ಹೇಳಿ, ಅದಕ್ಕೆ ಟೀಕೆ ಬರೆದು, ಉದಾಹರಣೆಗಳಿಂದ ವಿಷಯವನ್ನು ವಿಶದಪಡಿಸುವುದು ರಾಜಾದಿತ್ಯನ ಕ್ರಮ. ತ್ರೈರಾಶಿ, ಪಂಚರಾಶಿ, ಸಪ್ತರಾಶಿ, ನವರಾಶಿ ಮೊದಲಾದ ಅನುಪಾತದ ಲೆಕ್ಕಗಳು ಇದರಲ್ಲಿ ಬರುತ್ತವೆ. ಇಷ್ಟು ಹಣಕ್ಕೆ ಇಷ್ಟು ಧಾನ್ಯವಾದರೆ ಅಷ್ಟು ಹಣಕ್ಕೆ ಎಷ್ಟು ಎಂಬುದು ತ್ರೈರಾಶಿ. ಕಾಲ, ಕೂಲಿ, ಬಡ್ಡಿ ಇತ್ಯಾದಿ ರಾಶಿಗಳು ಸೇರಿದಂತೆ ಅದೇ ಪಂಚರಾಶಿ, ಸಪ್ತರಾಶಿಗಳಾಗಿ ಬೆಳೆಯುತ್ತದೆ. ಹೆಸರೇ ಸೂಚಿಸುವಂತೆ ಇದು ವ್ಯಾಪಾರಿಗೆ, ಲೆಕ್ಕಿಗನಿಗೆ, ಊರ ಸೇನಬೋವನಿಗೆ ಬೇಕಾದ ಗಣಿತ. ಓಲೆಗರಿಯ ಪ್ರತಿಗಳಲ್ಲಿ ಉಳಿದುಬಂದ ಈ ಗ್ರಂಥ 20ನೆಯ ಶತಮಾನದಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಚಿತ್ರಹಸುಗೆಯ ಹೆಸರಿನಲ್ಲಿರುವ ಹಸುಗೆ ಎಂಬುದು ಪಾಲು, ಹಂಚಿಕೆ ಎಂಬರ್ಥದ ಅಚ್ಚಗನ್ನಡ ಪದ. ಶಾಸ್ತ್ರಗ್ರಂಥಕ್ಕೆ ಸಂಸ್ಕೃತ ಹೆಸರೇ ಬೇಕೆಂಬ ನಿಯಮವನ್ನು ರಾಜಾದಿತ್ಯ ಇಟ್ಟುಕೊಂಡಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕ್ಷೇತ್ರಗಣಿತ: ಗೆರೆಯ ಅಳತೆ

ಕ್ಷೇತ್ರ ಎಂಬ ಪದಕ್ಕೆ ಹೊಲ ಎಂಬ ಅರ್ಥವೂ ಇದೆ, ಗೆರೆಗಳಿಂದ ಸುತ್ತುವರಿದ ಆಕೃತಿ ಎಂಬ ಅರ್ಥವೂ ಇದೆ. ಕ್ಷೇತ್ರಗಣಿತವೆಂದರೆ ಆಕೃತಿಗಳ ಭುಜ, ಲಂಬ, ಕರ್ಣ, ಪರಿಧಿಗಳನ್ನು ತಿಳಿದು ಅವುಗಳ ಕ್ಷೇತ್ರಫಲವನ್ನು ಕಂಡುಹಿಡಿಯುವ ಶಾಸ್ತ್ರ. ರಾಜಾದಿತ್ಯ ಅನುಸರಿಸಿದ ಈ ಶಾಸ್ತ್ರದ ಚೌಕಟ್ಟು ಗಣಿತಸಾರಸಂಗ್ರಹದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಬರುವುದು ಉದ್ದದ ಮಾನಗಳು. ಪರಮಾಣುವಿನಿಂದ ತೊಡಗಿ ಎಂಟೆಂಟರ ಗುಣಕದಲ್ಲಿ ಏರುತ್ತ, ಕೂದಲೆಳೆ, ಎಳ್ಳು, ಜವೆಗಳನ್ನು ದಾಟಿ ಅಂಗುಲಕ್ಕೆ ಬರುವ ಪಟ್ಟಿ ಇದು. 6 ಅಂಗುಲ ಒಂದು ಪಾದ, 2 ಪಾದ ಒಂದು ವಿತಸ್ತಿ, 2 ವಿತಸ್ತಿ ಒಂದು ಹಸ್ತ, 4 ಹಸ್ತ ಒಂದು ದಂಡ, 2000 ದಂಡ ಒಂದು ಕ್ರೋಶ, 4 ಕ್ರೋಶ ಒಂದು ಯೋಜನ. ಕನ್ನಡಿಗರ ಬಾಯಲ್ಲಿ ವಿತಸ್ತಿಯೇ ಗೇಣು, ಹಸ್ತವೇ ಮೊಳ. ಹೀಗೆ ಒಂದು ದಂಡಕ್ಕೆ 96 ಅಂಗುಲ. ಶಾಲೆಯಲ್ಲಿ ಇಂದು ಮಿಲಿಮೀಟರು, ಸೆಂಟಿಮೀಟರು, ಮೀಟರುಗಳನ್ನು ಕಲಿಸಿದ ಮೇಲೆಯೇ ರೇಖಾಖಂಡವನ್ನು ಅಳೆಯಲು ಹೇಳುವಂತೆ, ಆಗಲೂ ಮಾನಗಳ ಪರಿಭಾಷೆ ಮುಗಿಯದೆ ಆಕೃತಿಗಳ ಮಾತಿಲ್ಲ.

ಅನಂತರ ಆಕೃತಿಗಳು. ಮಹಾವೀರಾಚಾರ್ಯ ಮೂರು ಬಗೆಯ ತ್ರಿಭುಜ, ಐದು ಬಗೆಯ ಚತುರ್ಭುಜ, ಎಂಟು ಬಗೆಯ ವೃತ್ತ, ಒಟ್ಟು 16 ಆಕೃತಿಗಳನ್ನು ಹೇಳುತ್ತಾನೆ. ಪ್ರತಿಯೊಂದಕ್ಕೂ ಎರಡು ಬಗೆಯ ಲೆಕ್ಕವಿದೆ. ಒಂದು ವ್ಯಾವಹಾರಿಕ, ಎಂದರೆ ಕೆಲಸಕ್ಕೆ ಸಾಕಾಗುವ ಸ್ಥೂಲ ಫಲ, ಇನ್ನೊಂದು ಸೂಕ್ಷ್ಮ. ವ್ಯಾವಹಾರಿಕ ಲೆಕ್ಕದಲ್ಲಿ ವೃತ್ತದ ಪರಿಧಿ ವ್ಯಾಸದ ಮೂರರಷ್ಟು, ಸೂಕ್ಷ್ಮ ಲೆಕ್ಕದಲ್ಲಿ ಹತ್ತರ ವರ್ಗಮೂಲದಷ್ಟು. 20 ದಂಡ ವ್ಯಾಸದ ಕೆರೆಯ ಸುತ್ತಳತೆ ಮೊದಲನೆಯದರಂತೆ 60 ದಂಡ, ಎರಡನೆಯದರಂತೆ ಸುಮಾರು 63.25 ದಂಡ. ಇಂದಿನ ಲೆಕ್ಕದಲ್ಲಿ ಅದು 62.83 ದಂಡ.

ಚತುರ್ಭುಜದ ವಿಷಯದಲ್ಲಿ ಸ್ಥೂಲ ಮತ್ತು ಸೂಕ್ಷ್ಮಗಳ ಅಂತರ ಇನ್ನೂ ದೊಡ್ಡದು. ಎದುರುಬದುರಾದ ಭುಜಗಳನ್ನು ಕೂಡಿಸಿ ಅರ್ಧಮಾಡಿ, ಬಂದ ಎರಡು ಸಂಖ್ಯೆಗಳನ್ನು ಗುಣಿಸಿದರೆ ವ್ಯಾವಹಾರಿಕ ಫಲ ಸಿಗುತ್ತದೆ. ಒಂದು ಹೊಲದ ಕೆಳಬದಿ 12 ದಂಡ, ಅದಕ್ಕೆ ಸಮಾಂತರವಾದ ಮೇಲ್ಬದಿ 6 ದಂಡ, ಎರಡು ಪಕ್ಕದ ಬದಿಗಳು 5 ದಂಡ ಇರಲಿ. ಸ್ಥೂಲ ಸೂತ್ರದಂತೆ 9ನ್ನು 5ರಿಂದ ಗುಣಿಸಿ 45 ಚದರ ದಂಡ. ಆದರೆ ಕೆಳಬದಿ ಮೇಲ್ಬದಿಗಿಂತ ಎರಡೂ ಕಡೆ ಮೂರು ಮೂರು ದಂಡ ಹೆಚ್ಚು ಚಾಚಿರುವುದರಿಂದ, ಭುಜ 3, ಕರ್ಣ 5 ಇರುವ ತ್ರಿಭುಜದಲ್ಲಿ ಲಂಬ 4 ಆಗುತ್ತದೆ. ನಿಜವಾದ ಫಲ 9ನ್ನು 4ರಿಂದ ಗುಣಿಸಿ ಬರುವ 36. ಇದರ ಮೇಲೆ ತೆರಿಗೆ ಹಾಕಿದರೆ ರೈತ ನಾಲ್ಕರಲ್ಲಿ ಒಂದು ಪಾಲು ಹೆಚ್ಚು ತೆರಬೇಕಾಗುತ್ತದೆ. ಸೂಕ್ಷ್ಮ ಸೂತ್ರ ಬೇರೆ ಬಗೆಯದು. ನಾಲ್ಕು ಭುಜಗಳ ಮೊತ್ತದ ಅರ್ಧವನ್ನು ನಾಲ್ಕು ಕಡೆ ಇಟ್ಟು, ಒಂದೊಂದರಿಂದ ಒಂದೊಂದು ಭುಜವನ್ನು ಕಳೆದು, ಉಳಿದವನ್ನು ಗುಣಿಸಿ ವರ್ಗಮೂಲ ತೆಗೆಯಬೇಕು. ಇಲ್ಲಿ ಅರ್ಧಮೊತ್ತ 14, ಕಳೆದು ಉಳಿದವು 2, 8, 9, 9, ಗುಣಲಬ್ಧ 1296, ವರ್ಗಮೂಲ 36. ಏಳನೆಯ ಶತಮಾನದ ಬ್ರಹ್ಮಗುಪ್ತನಿಂದ ಬಂದ ಈ ಸೂತ್ರ ಕನ್ನಡ ನಾಡಿನ ಗಣಿತಜ್ಞರಿಗೂ ಪರಿಚಿತವಾಗಿತ್ತು.

ಕೋನದ ಪ್ರಶ್ನೆ

ಮೇಲಿನ ಯಾವ ಲೆಕ್ಕದಲ್ಲಿಯೂ ಕೋನ ಬರುವುದಿಲ್ಲ. ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ಭುಜಗಳಿಂದಲೇ ವಿಂಗಡಿಸಲಾಗಿದೆ. ಲಘುಕೋನ, ವಿಶಾಲಕೋನ ಎಂಬ ಇಂದಿನ ವಿಂಗಡಣೆ ಅಲ್ಲಿಲ್ಲ. ಆಕೃತಿಯ ಹೆಸರೇ ಮೂರು ತೋಳುಳ್ಳದ್ದು ಎಂಬರ್ಥದ ತ್ರಿಭುಜ. ಅದನ್ನು ಮೂರು ಮೂಲೆಯುಳ್ಳದ್ದು ಎಂಬರ್ಥದಲ್ಲಿ ತ್ರಿಕೋನ ಎಂದೂ ಕರೆಯುವ ಇಂದಿನ ವಿದ್ಯಾರ್ಥಿ, ಒಂದೇ ಆಕೃತಿಯನ್ನು ನೋಡುವ ಎರಡು ಬಗೆಗಳನ್ನು ತಿಳಿಯದೆಯೇ ಬಳಸುತ್ತಿರುತ್ತಾನೆ.

ಕೋನವನ್ನು ಅಳೆಯಲು ಭಾರತೀಯರಿಗೆ ತಿಳಿದಿರಲಿಲ್ಲ ಎಂದು ಇದರ ಅರ್ಥವಲ್ಲ. ಜ್ಯೋತಿಷ ಗ್ರಂಥಗಳಲ್ಲಿ ವೃತ್ತವನ್ನು 360 ಭಾಗಗಳಾಗಿ, ಪ್ರತಿ ಭಾಗವನ್ನು 60 ಕಲೆಗಳಾಗಿ ಒಡೆದು, ಒಟ್ಟು 21,600 ಕಲೆಗಳ ಲೆಕ್ಕದಲ್ಲಿ ಗ್ರಹಗಳ ಸ್ಥಾನವನ್ನು ಹೇಳಲಾಗುತ್ತಿತ್ತು. ಆರ್ಯಭಟನು 225 ಕಲೆಗಳ ಅಂತರದಲ್ಲಿ 24 ಜ್ಯಾಗಳ ಕೋಷ್ಟಕವನ್ನು 499ರ ಸುಮಾರಿಗೇ ಕೊಟ್ಟಿದ್ದ. ಆದರೆ ಆ ಅಳತೆ ವೃತ್ತದ ಕಂಸದ ಮೇಲೆ ನಡೆಯುತ್ತಿತ್ತು, ಆಕಾಶಕ್ಕೆ ಸಂಬಂಧಿಸಿತ್ತು. ಕಂಸಕ್ಕೆ ಚಾಪ, ಅದನ್ನು ಕಟ್ಟುವ ಗೆರೆಗೆ ಜ್ಯಾ, ನಡುವಿನ ಎತ್ತರಕ್ಕೆ ಶರ. ಬಿಲ್ಲು, ಹೆದೆ, ಬಾಣಗಳ ಈ ಭಾಷೆ ಪಂಚಾಂಗದವರದು. ಹೊಲವನ್ನು ಅಳೆಯುವವನ ಕೈಯಲ್ಲಿ ಕೋಲು ಮತ್ತು ಹಗ್ಗ ಮಾತ್ರ ಇದ್ದುವು.

ಕೋಲು ಮತ್ತು ಹಗ್ಗಗಳಿಂದ ಲಂಬಕೋನವೊಂದನ್ನು ಮಾತ್ರ ತಪ್ಪಿಲ್ಲದೆ ಪಡೆಯಬಹುದಾಗಿತ್ತು. ಸಮಾನ ಅಂತರದಲ್ಲಿ 12 ಗಂಟುಗಳಿರುವ ಹಗ್ಗವನ್ನು 3, 4, 5ರ ಭುಜಗಳಾಗುವಂತೆ ಬಿಗಿದು ಎಳೆದರೆ 3 ಮತ್ತು 4ರ ನಡುವೆ ಲಂಬಕೋನ ತಾನಾಗಿಯೇ ಬರುತ್ತದೆ. ಭುಜ, ಕೋಟಿ, ಕರ್ಣಗಳ ಈ ಸಂಬಂಧ ಶುಲ್ಬಸೂತ್ರಗಳ ಕಾಲದಿಂದ ಬಂದದ್ದು. ಉಳಿದ ಎಲ್ಲ ಓರೆಗಳ ಕೆಲಸವನ್ನು ಲಂಬ ಅಥವಾ ಕರ್ಣದ ಉದ್ದವೇ ಮಾಡುತ್ತಿತ್ತು.

ಇದು ಎಲ್ಲಿಯವರೆಗೆ ಸಾಕು ಎಂಬ ಪ್ರಶ್ನೆಯನ್ನು ಒಂದು ಸಣ್ಣ ಉದಾಹರಣೆ ತೋರಿಸುತ್ತದೆ. ನಾಲ್ಕು ಬದಿಗಳೂ 10 ದಂಡ ಇರುವ ಹೊಲವನ್ನು ತೆಗೆದುಕೊಳ್ಳಬಹುದು. ಅದು ಚೌಕವಾಗಿದ್ದರೆ ವಿಸ್ತಾರ 100. ಅದೇ ನಾಲ್ಕು ಬದಿಗಳು ಓರೆಯಾಗಿ, ಕರ್ಣಗಳು 16 ಮತ್ತು 12 ಆದರೆ ವಿಸ್ತಾರ ಅವುಗಳ ಗುಣಲಬ್ಧದ ಅರ್ಧ, ಎಂದರೆ 96. ಇನ್ನೂ ಓರೆಯಾದರೆ ಇನ್ನೂ ಕಡಿಮೆ. ಸ್ಥೂಲ ಸೂತ್ರವೂ ಸೂಕ್ಷ್ಮವೆನಿಸಿದ ಸೂತ್ರವೂ ಎಲ್ಲ ಸಂದರ್ಭಗಳಲ್ಲಿ 100 ಎಂದೇ ಹೇಳುತ್ತವೆ, ಏಕೆಂದರೆ ಅವು ಭುಜಗಳನ್ನಷ್ಟೇ ಕೇಳುತ್ತವೆ. ವೃತ್ತದೊಳಗೆ ಕೂರುವ ಚತುರ್ಭುಜಕ್ಕೆ ಮಾತ್ರ ಆ ಸೂಕ್ಷ್ಮ ಸೂತ್ರ ಸರಿಯಾಗಿ ಒಪ್ಪುತ್ತದೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಈ ದೋಷದ ಮೇಲೆ ಕಟುವಾದ ಟೀಕೆಯಿದೆ. ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ಫಲವನ್ನು ಕೇಳುವವನನ್ನೂ, ಕೇಳಿದನೆಂದು ಹೇಳಿಬಿಡುವವನನ್ನೂ ಅವನು ಪಿಶಾಚಿಗಳ ಸಾಲಿಗೆ ಸೇರಿಸುತ್ತಾನೆ. ತ್ರಿಭುಜದ ಮೂರು ಭುಜಗಳು ಗೊತ್ತಾದರೆ ಆಕಾರ ನಿಶ್ಚಿತ. ಚತುರ್ಭುಜದಲ್ಲಿ ಹಾಗಲ್ಲ, ಅಲ್ಲಿ ಐದನೆಯ ಅಳತೆಯೊಂದು ಬೇಕು. ಇಂದಿನ ವಿದ್ಯಾರ್ಥಿ ಆ ಐದನೆಯದನ್ನು ಕೋನಮಾಪಕದಿಂದ ಪಡೆಯುತ್ತಾನೆ. ಕ್ಷೇತ್ರಗಣಿತದವರು ಕರ್ಣದ ಉದ್ದಕ್ಕೆ ಹಗ್ಗ ಹಿಡಿದು ಅದನ್ನು ಪಡೆಯುತ್ತಿದ್ದರು.

ಹೊಲದಲ್ಲಿ ನಿಂತು ನೋಡಿದರೆ ಎರಡನೆಯ ದಾರಿಯೇ ಹೆಚ್ಚು ಭದ್ರ. ಕಾಗದದ ಮೇಲೆ ಒಂದು ಡಿಗ್ರಿಯ ತಪ್ಪು ಕಣ್ಣಿಗೆ ಕಾಣದು. ಆದರೆ 100 ದಂಡ ದೂರ ಹೋಗುವಷ್ಟರಲ್ಲಿ ಅದೇ ತಪ್ಪು ಒಂದೂ ಮುಕ್ಕಾಲು ದಂಡದಷ್ಟು ಬದುವನ್ನು ಸರಿಸುತ್ತದೆ. ಹಗ್ಗದ ತಪ್ಪು ಹಾಗೆ ದೂರದೊಡನೆ ಮರೆಯಲ್ಲಿ ಬೆಳೆಯುವುದಿಲ್ಲ, ಮತ್ತೊಮ್ಮೆ ಅಳೆದರೆ ಸಿಕ್ಕಿಬೀಳುತ್ತದೆ.

ಸಮತಲದ ಆಕೃತಿಗಳಲ್ಲಿ ಕೋನವನ್ನೇ ಮುಖ್ಯವಾಗಿ ಹಿಡಿಯುವ ಯೂಕ್ಲಿಡನ ರೇಖಾಗಣಿತ ಸಂಸ್ಕೃತಕ್ಕೆ ಬಂದದ್ದು 18ನೆಯ ಶತಮಾನದಲ್ಲಿ. ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಸಮ್ರಾಟನು ಅರಬ್ಬೀ ಭಾಷೆಯಿಂದ ಅದನ್ನು ರೇಖಾಗಣಿತ ಎಂಬ ಹೆಸರಿನಲ್ಲಿ ಅನುವಾದಿಸಿದ. ಕನ್ನಡ ಶಾಲೆಗಳಲ್ಲಿ ಇಂದು ಬಳಕೆಯಲ್ಲಿರುವುದು ಆ ಹೆಸರೇ ಹೊರತು ರಾಜಾದಿತ್ಯನ ಕ್ಷೇತ್ರಗಣಿತವೆಂಬ ಹೆಸರಲ್ಲ.

ನಂತರದ ಕಾಲ

ರಾಜಾದಿತ್ಯನ ನಂತರ ಕನ್ನಡದಲ್ಲಿ ಗಣಿತ ಗ್ರಂಥಗಳ ಸಾಲು ಅಲ್ಲಲ್ಲಿ ತುಂಡಾಗುತ್ತ ಮುಂದುವರಿಯಿತು. 18ನೆಯ ಶತಮಾನದಲ್ಲಿ ಬಾಲವೈದ್ಯದ ಚೆಲುವ ಕನ್ನಡದಲ್ಲಿ ಮತ್ತೊಂದು ಲೀಲಾವತಿಯನ್ನು ಬರೆದ. ಬೇಹಾರಗಣಿತ ಎಂಬ ಹೆಸರಿನ ಗ್ರಂಥವೂ ಇದೆ. ಬೇಹಾರ ಎಂಬುದು ವ್ಯವಹಾರದ ತದ್ಭವ. ಊರೂರಿನ ಐಗಳ ಮಠಗಳಲ್ಲಿ ಮಗ್ಗಿ, ಕೋಷ್ಟಕಗಳನ್ನು ರಾಗವಾಗಿ ಬಾಯಿಪಾಠ ಮಾಡಿಸುವ ಪದ್ಧತಿ 20ನೆಯ ಶತಮಾನದ ಆರಂಭದವರೆಗೂ ಇತ್ತು. ರಾಜಾದಿತ್ಯನ ಜೀವನದ ವಿವರಗಳನ್ನು ಅವನ ಗ್ರಂಥಗಳಿಂದ ಆಯ್ದು ಆಧುನಿಕ ಓದುಗರಿಗೆ ಪರಿಚಯಿಸಿದವರು ಆರ್. ನರಸಿಂಹಾಚಾರ್ಯರು. ಅವರ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾಯಿತು.

ರಾಜಾದಿತ್ಯನ ಸೀಮೆಯಲ್ಲಿ ಭೂಮಿಯ ಅಳತೆ ಬದಲಾದದ್ದು 19ನೆಯ ಶತಮಾನದಲ್ಲಿ, ಮುಂಬಯಿ ಪ್ರಾಂತದ ಕಂದಾಯ ಮೋಜಣಿ ಬಂದಾಗ. ಗಳೆಯ ಬದಲು 33 ಅಡಿಯ ಸರಪಳಿ ಬಂದಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಗುಂಟೆ. 40 ಗುಂಟೆಗೆ ಒಂದು ಎಕರೆ. ಮೋಜಣಿದಾರರು ಹೊಲದ ನಡುವೆ ಒಂದು ಉದ್ದನೆಯ ಗೆರೆ ಹಿಡಿದು, ಪ್ರತಿ ಮೂಲೆಯಿಂದ ಅದಕ್ಕೆ ಲಂಬವಾಗಿ ಅಳೆದು, ಹೊಲವನ್ನು ತ್ರಿಭುಜ ಮತ್ತು ಸಮಲಂಬ ಚತುರ್ಭುಜಗಳಾಗಿ ಒಡೆದು ವಿಸ್ತಾರವನ್ನು ಲೆಕ್ಕ ಹಾಕುತ್ತಿದ್ದರು. ಲಂಬವನ್ನು ಹಿಡಿಯಲು ಅವರು ಬಳಸುತ್ತಿದ್ದುದು ಎರಡು ಸೀಳುಗಳು ಒಂದಕ್ಕೊಂದು ಅಡ್ಡವಾಗಿರುವ ಕೋಲು. ಅದು ತೋರಿಸುತ್ತಿದ್ದುದು ಲಂಬಕೋನವೊಂದನ್ನೇ; ಡಿಗ್ರಿಗಳನ್ನು ಓದುವ ಉಪಕರಣ ಸಾಮಾನ್ಯ ಹೊಲದ ಅಳತೆಗೆ ಬೇಕಾಗುತ್ತಿರಲಿಲ್ಲ. ಗುಂಟೆ ಮತ್ತು ಎಕರೆ ರಾಯಬಾಗ, ಚಿಕ್ಕೋಡಿ, ಅಥಣಿಗಳ ಹೊಲಗಳ ಲೆಕ್ಕದಲ್ಲಿ ಇಂದಿಗೂ ಬಳಕೆಯಲ್ಲಿವೆ.